ನೀರು ನಡೆವ ದಾರಿ

ಸಂಘದ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಮಿತ್ರರು ಕೇಳಿದಾಗ, ಶಾಲೆಯ ಮಕ್ಕಳ ವಿನೋದಗಳನ್ನೋ ನಮ್ಮ ಕಾಸರಗೋಡಿನ ಮಳೆಗಾಲವನ್ನೋ ಕುರಿತು ನಾಲ್ಕು ಪುಟ ಬರೆದು ಮುಗಿಸೋಣವೆಂದೇ ಮೊದಲು ಎಣಿಸಿದ್ದೆ. ಆದರೆ ೨೦೨೨ರ ಆಟಿ ತಿಂಗಳಿಂದೀಚೆಗೆ ನನ್ನ ಮನಸ್ಸನ್ನು ಬಿಡದೆ ಹಿಡಿದಿರುವ ವಿಷಯ ಬೇರೆ. ಅದು ಮಿದುಳಿನ ವಿಷಯ. ಇನ್ನೂ ಬಿಡಿಸಿ ಹೇಳುವುದಾದರೆ, ಮಿದುಳಿನೊಳಗೆ ನೀರು ಹೇಗೆ ಚಲಿಸುತ್ತದೆಂಬುದನ್ನು ಅಳೆದು ಅಲ್ಲಿಯ ದಾರಿಗಳನ್ನು ಗುರುತಿಸುವ ಒಂದು ವಿದ್ಯೆಯ ವಿಷಯ. ಟಿ.ಟಿ.ಸಿ. ಮುಗಿಸಿ ನಾಲ್ಕನೆಯ ತರಗತಿಗೆ ಪಾಠ ಹೇಳುವವನಿಗೆ ಇದರಲ್ಲಿ ಅಧಿಕಾರವೇನೆಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆ ವಿದ್ಯೆ ನಮ್ಮ ಮನೆಯ ಬಾಗಿಲಿಗೆ ತಾನಾಗಿ ಬಂತು, ನಾನು ಕರೆದದ್ದಲ್ಲ ಎಂದಷ್ಟೇ ಹೇಳಬಲ್ಲೆ.

ನನ್ನ ತಂದೆಯವರು ತಾಳಮದ್ದಳೆಯ ಅರ್ಥಧಾರಿಗಳು. ಪ್ರಸಿದ್ಧರೇನಲ್ಲ. ಊರ ದೇವಸ್ಥಾನದಲ್ಲಿ, ನೆರೆಹೊರೆಯವರ ಚಾವಡಿಯಲ್ಲಿ, ಮಳೆ ಸುರಿಯುವ ರಾತ್ರಿಗಳಲ್ಲಿ ವಿದುರನೋ ಕೃಷ್ಣನೋ ಆಗಿ ಕುಳಿತು ಗಂಟೆಗಟ್ಟಲೆ ಮಾತನಾಡಬಲ್ಲವರು. ಮನೆಯಲ್ಲಿ ಮಾತ್ರ ಮಿತಭಾಷಿಗಳು. ಇದ್ದ ಮಾತನ್ನೆಲ್ಲ ವಿದುರನಿಗೆ ಕೊಟ್ಟು ಬಂದಿದ್ದಾರೆಂದು ತಾಯಿ ಹಾಸ್ಯ ಮಾಡುವುದಿತ್ತು. ಆ ವರ್ಷ ಆಟಿಯ ಒಂದು ಬೆಳಿಗ್ಗೆ, ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದವರು ಒಳಗೆ ಬಂದು ಏನನ್ನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ಬಲಗೈಯಲ್ಲಿದ್ದ ಚೆಂಬು ಜಾರಿ ಕೆಳಗೆ ಬಿತ್ತು. ಹಿಂದಿನ ರಾತ್ರಿ ತಾಳಮದ್ದಳೆ ಮುಗಿಸಿ ಎರಡು ಗಂಟೆಗೆ ಮನೆ ಸೇರಿದ್ದರು. ನಿದ್ದೆ ಸಾಲದೆ ಹೀಗಾಗಿದೆಯೆಂದು ನಾನು ತೀರ್ಮಾನಿಸಿದೆ. "ಸ್ವಲ್ಪ ಮಲಗಿ ಅಪ್ಪಾ" ಎಂದು ಚಾಪೆ ಹಾಸಿಕೊಟ್ಟು, ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತೆ. ಅವರ ಬಾಯಿ ಓರೆಯಾಗಿರುವುದನ್ನು ತಾಯಿ ಕಂಡು ಕೂಗಿಕೊಂಡಾಗ ಎರಡು ಗಂಟೆ ಕಳೆದಿತ್ತು. ಜೀಪು ಹುಡುಕಿ, ಹತ್ತಿರದ ವೈದ್ಯರಿಗೆ ತೋರಿಸಿ, ಅವರ ಮಾತಿನಂತೆ ಮಂಗಳೂರಿನ ಆಸ್ಪತ್ರೆಯೊಂದನ್ನು ಮುಟ್ಟುವಾಗ ಐದು ಗಂಟೆಗೂ ಮೇಲಾಗಿತ್ತು. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕೆಂದು ನನಗೆ ತಿಳಿದದ್ದು ಅಲ್ಲಿ. ಆ ಎರಡು ಗಂಟೆಗಳ ಲೆಕ್ಕವನ್ನು ನಾನು ಈವರೆಗೆ ಯಾರಿಗೂ ಒಪ್ಪಿಸಿರಲಿಲ್ಲ.

ಅವರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿದರು. ಬಾಗಿಲಿನಾಚೆಗೂ ಕೇಳುವ ಅದರ ಬಡಿತವನ್ನು ಎಣಿಸುತ್ತ ನಾನು ಹೊರಗೆ ನಿಂತಿದ್ದೆ. ಆಮೇಲೆ ಒಬ್ಬ ಕಿರಿಯ ವೈದ್ಯರು ಕರೆದು ಪರದೆಯ ಮೇಲೆ ಚಿತ್ರ ತೋರಿಸಿದರು. ಬೂದು ಬಣ್ಣದ ಮಿದುಳು. ಅದರ ಎಡಭಾಗದಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿಯ ಕಲೆ. "ಇಲ್ಲಿ ನೀರಿನ ಓಡಾಟ ಕುಗ್ಗಿದೆ" ಎಂದರು. ರಕ್ತ ಬಾರದಿದ್ದರೆ ಜೀವಕೋಶಕ್ಕೆ ಶಕ್ತಿ ಇಲ್ಲ. ಶಕ್ತಿ ಇಲ್ಲದಿದ್ದರೆ ಒಳಗಿನ ಲವಣಗಳನ್ನು ಹೊರಹಾಕುವ ಕೆಲಸ ನಿಲ್ಲುತ್ತದೆ. ಹೊರಗಿನ ನೀರು ಒಳನುಗ್ಗಿ ಕೋಶ ಊದಿಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಸಿಕ್ಕಿದ ನೀರು ಮೊದಲಿನಂತೆ ಚಲಿಸಲಾರದು. ಚಲನೆ ಕುಗ್ಗಿದ ಆ ಜಾಗವೇ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ೧೯೯೦ರಲ್ಲಿ ಅಮೆರಿಕದಲ್ಲಿ ಮೈಕೆಲ್ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕುಗಳ ಮಿದುಳಿನಲ್ಲಿ ಇದನ್ನು ತೋರಿಸಿಕೊಟ್ಟರೆಂದು ನಾನು ಆಮೇಲೆ ಓದಿದೆ. ಬೇರೆ ಬಗೆಯ ಚಿತ್ರಗಳು ಏನೂ ಆಗಿಲ್ಲವೆನ್ನುತ್ತಿರುವಾಗಲೇ ಈ ಚಿತ್ರ ಆಘಾತವನ್ನು ಹಿಡಿದುಕೊಡುತ್ತದೆ.

"ನೀರಿನ ಓಡಾಟ" ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ನಮ್ಮದು ನೀರನ್ನು ಗುಡ್ಡದೊಳಗಿಂದ ಹುಡುಕಿ ತರುವ ಸೀಮೆ. ಮನೆಯ ಹಿಂದಿನ ಗುಡ್ಡಕ್ಕೆ ಅಜ್ಜ ಕೊರೆಸಿದ ಸುರಂಗವಿದೆ. ಬಾಗಿ ಒಳಹೊಕ್ಕರೆ ಕತ್ತಲೆಯಲ್ಲಿ ಮುರಕಲ್ಲಿನ ಸಂದುಗಳಿಂದ ನೀರು ಜಿನುಗುವುದು ಕೇಳಿಸುತ್ತದೆ. ಅಡಿಕೆಮರವನ್ನು ಸೀಳಿ ಮಾಡಿದ ದಂಬೆ ಹಿಂದೆ ಆ ನೀರನ್ನು ಅಂಗಳಕ್ಕೆ ತರುತ್ತಿತ್ತು. ಸುರಂಗ ತೋಡುವವರು ಕಲ್ಲನ್ನು ಸೀಳಿ ನೋಡಿ ದಾರಿ ನಿಶ್ಚಯಿಸುವವರಲ್ಲ. ಎಲ್ಲಿ ತೇವ, ಯಾವ ಕಡೆಯಿಂದ ತೇವ ಎಂಬುದನ್ನು ನೋಡಿ ಕಾಣದ ಪದರಗಳನ್ನು ಊಹಿಸುವವರು. ವಿಸರಣ ಎಂ.ಆರ್.ಐ. ಎಂಬ ಈ ವಿದ್ಯೆಯೂ ಅಂಥದೇ. ಅದು ಮಿದುಳಿನ ತಂತುಗಳನ್ನು ನೇರವಾಗಿ ನೋಡುವುದಿಲ್ಲ. ನೀರನ್ನು ಕೇಳಿ ತಿಳಿಯುತ್ತದೆ.

ನಿಂತ ನೀರೂ ನಿಂತಿರುವುದಿಲ್ಲವೆಂಬುದು ಇದರ ಮೂಲ. ೧೮೨೭ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು ಪರಾಗದೊಳಗಿನ ಕಣಗಳು ನೀರಿನಲ್ಲಿ ಎಡೆಬಿಡದೆ ನಡುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ೧೯೦೫ರಲ್ಲಿ ಐನ್‌ಸ್ಟೈನನು ಅದು ಅಣುಗಳ ತಳ್ಳಾಟದ ಫಲವೆಂದು ಗಣಿತದಿಂದ ವಿವರಿಸಿದನು. ನಮ್ಮ ಮೈಯ ಶಾಖದಲ್ಲಿರುವ ಶುದ್ಧ ನೀರಿನ ಅಣುವೊಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಒಂದು ದಿಕ್ಕಿಗೆ ಸರಾಸರಿ ೧೭ ಮೈಕ್ರೋಮೀಟರುಗಳಷ್ಟು ಸರಿಯುತ್ತದೆ. ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹದಿನೇಳು ಪಾಲು. ಮಿದುಳಿನಲ್ಲಿ ಇದಕ್ಕಿಂತ ಕಡಿಮೆ, ಏಕೆಂದರೆ ಅಲ್ಲಿ ಅಡ್ಡಗೋಡೆಗಳಿವೆ. ಬೂದು ಭಾಗದಲ್ಲಿ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಅಡ್ಡಿ. ಆದರೆ ಶ್ವೇತಭಾಗದಲ್ಲಿ ನರತಂತುಗಳು ಕಟ್ಟು ಕಟ್ಟಾಗಿ ಒಂದೇ ದಿಕ್ಕಿಗೆ ಹರಿದಿರುತ್ತವೆ. ಅವುಗಳ ಮೇಲೆ ಕೊಬ್ಬಿನ ಹೊದಿಕೆಯೂ ಇರುತ್ತದೆ. ಅಲ್ಲಿ ನೀರು ತಂತುವಿನ ಉದ್ದಕ್ಕೆ ಸುಲಭವಾಗಿ ಸರಿಯುತ್ತದೆ, ಅಡ್ಡಕ್ಕೆ ಸರಿಯಲಾರದು. ದಂಬೆಯ ನೀರಿನಂತೆ.

ಅಷ್ಟು ಸಣ್ಣ ಚಲನೆಯನ್ನು ತಲೆಬುರುಡೆಯ ಹೊರಗಿನಿಂದ ಅಳೆಯುವುದು ಹೇಗೆ? ಇದು ನನಗೆ ವಾರಗಟ್ಟಲೆ ಬಿಡಿಸದ ಒಗಟಾಗಿತ್ತು. ತಂದೆಯವರ ಮಂಚದ ಬದಿಯಲ್ಲಿ ಕುಳಿತು ರಾತ್ರಿ ಓದುತ್ತಿದ್ದೆ. ಅದು ಬಿಡಿಸಿದ್ದು ಶಾಲೆಯ ಅಂಗಳದಲ್ಲಿ. ಅದನ್ನು ಹೇಳುವ ಮೊದಲು ಇನ್ನೊಬ್ಬನ ವಿಷಯ ಹೇಳಬೇಕು.

ಆ ವರ್ಷ ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ಹೆಸರು ಬೇಡ. ಮನೆಮಾತು ತುಳು. ತೆಂಗಿನ ಗರಿಯಲ್ಲಿ ಹಕ್ಕಿ, ಹಾವು, ಗಿರಿಗಿಟಿ ಮಾಡುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಆದರೆ ನಾಲ್ಕನೆಯ ತರಗತಿಗೆ ಬಂದರೂ ಓದು ಹತ್ತಿರಲಿಲ್ಲ. ಬಿಡಿ ಅಕ್ಷರ ತೋರಿಸಿದರೆ ಹೇಳುವನು; ಕಾಗುಣಿತ ಸೇರಿತೆಂದರೆ ಸಂಶಯ; ಒತ್ತಕ್ಷರ ಬಂತೆಂದರೆ ಮೌನ. ರಕ್ಷಕರ ಸಭೆಯಲ್ಲಿ ಹತ್ತು ಜನರ ಮುಂದೆ ಅವನ ತಾಯಿಯೊಡನೆ "ಇವನ ಮಂಡೆಗೆ ಏನೂ ಹೋಗುವುದಿಲ್ಲಮ್ಮ" ಎಂದುಬಿಟ್ಟಿದ್ದೆ. ಆಕೆ "ಹೌದು ಮಾಷ್ಟ್ರೇ" ಎಂದರು, ತಾನೇ ಏನೋ ತಪ್ಪು ಮಾಡಿದವರಂತೆ. ಆ "ಹೌದು" ಆಗ ನನ್ನನ್ನು ಚುಚ್ಚಲಿಲ್ಲ. ನಾವು ಅಧ್ಯಾಪಕರು ಅಂಥ ಹೌದುಗಳಿಗೆ ಒಗ್ಗಿಹೋಗಿರುತ್ತೇವೆ.

ಒಂದು ದಿನ ಕವಾಯತಿನ ಹೊತ್ತಿನಲ್ಲಿ, ಪುಸ್ತಕದಲ್ಲಿ ಓದಿದ್ದನ್ನು ಮಕ್ಕಳ ಮೇಲೆ ಪರೀಕ್ಷಿಸುವ ಹುಚ್ಚು ನನಗೆ ಹಿಡಿಯಿತು. ನೀರಿನಲ್ಲಿರುವ ಹೈಡ್ರೋಜನ್ ಬೀಜಗಳನ್ನು ಯಂತ್ರದ ಬಲವಾದ ಅಯಸ್ಕಾಂತವು ಕವಾಯತಿಗೆ ನಿಲ್ಲಿಸುತ್ತದೆ ಎನ್ನೋಣ. ಮಕ್ಕಳನ್ನು ಮೂರು ಸಾಲು ಮಾಡಿದೆ. ಒಂದನೆಯ ಸಾಲು ಶಾಲೆಯ ಜಗಲಿಯಲ್ಲಿ, ಗೋಡೆಗೂ ಅರೆಗೋಡೆಗೂ ನಡುವೆ. ಉಳಿದೆರಡು ಸಾಲು ಅಂಗಳದಲ್ಲಿ. ಎಲ್ಲರ ಮುಖ ಧ್ವಜಸ್ತಂಭದ ಕಡೆಗೆ. ಮೊದಲ ಸೀಟಿ ಊದಿದಾಗ ಒಂದನೆಯ ಸಾಲಿನವರು ಬಲಕ್ಕೆ ಕಾಲು ಸುತ್ತು, ಎರಡನೆಯವರು ಅರ್ಧ ಸುತ್ತು, ಮೂರನೆಯವರು ಮುಕ್ಕಾಲು ಸುತ್ತು ತಿರುಗಬೇಕು. ಎರಡನೆಯ ಸೀಟಿಗೆ ಅದೇ ಲೆಕ್ಕದಲ್ಲಿ ಎಡಕ್ಕೆ ತಿರುಗಬೇಕು. ಆದರೆ ಆಗ ತಾನು ಯಾವ ಸಾಲಿನಲ್ಲಿ ನಿಂತಿರುವನೋ ಆ ಸಾಲಿನ ಲೆಕ್ಕದಲ್ಲಿ. ಎರಡು ಸೀಟಿಗಳ ನಡುವೆ ಯಾರೂ ಕದಲದಿದ್ದರೆ ಎಲ್ಲರ ಮುಖವೂ ಮತ್ತೆ ಧ್ವಜದ ಕಡೆಗೇ ಬರುತ್ತದೆ. ನಡುವೆ ಓಡಾಡಿ ಸಾಲು ಬದಲಿಸಿದರೆ ಒಬ್ಬನು ಪೂರ್ವ, ಒಬ್ಬನು ಪಶ್ಚಿಮ. ಯಂತ್ರ ಮಾಡುವುದೂ ಇದನ್ನೇ. ಒಂದು ದಿಕ್ಕಿನಲ್ಲಿ ಕಾಂತಬಲವನ್ನು ಕ್ಷಣಕಾಲ ಏರುಪೇರು ಮಾಡಿ ಅಣುಗಳನ್ನು ಇರುವ ಸ್ಥಳಕ್ಕೆ ತಕ್ಕಂತೆ ತಿರುಗಿಸುತ್ತದೆ, ಸ್ವಲ್ಪ ಕಾದು ಅಷ್ಟನ್ನೇ ಹಿಂದಕ್ಕೆ ತಿರುಗಿಸುತ್ತದೆ. ಅಣುಗಳು ಕದಲದಿದ್ದರೆ ಎಲ್ಲವುಗಳ ದನಿ ಕೂಡಿ ಗಟ್ಟಿಯಾಗಿ ಕೇಳುತ್ತದೆ. ಕದಲಿದ್ದರೆ ದನಿ ಕ್ಷೀಣಿಸುತ್ತದೆ. ಎಷ್ಟು ಕ್ಷೀಣಿಸಿತೋ ಅಷ್ಟು ಚಲನೆ. ಸ್ಟೆಜ್‌ಸ್ಕಾಲ್ ಮತ್ತು ಟ್ಯಾನರ್ ಎಂಬಿಬ್ಬರು ೧೯೬೫ರಲ್ಲಿ ಕಟ್ಟಿಕೊಟ್ಟ ಉಪಾಯವಿದು. ಫ್ರಾನ್ಸಿನ ಡೆನಿ ಲ ಬಿಹಾನ್ ೧೯೮೦ರ ದಶಕದ ನಡುವಿನಲ್ಲಿ ಇದನ್ನು ಜೀವಂತ ಮನುಷ್ಯರ ಮಿದುಳಿನ ಚಿತ್ರಕ್ಕೆ ಅಳವಡಿಸಿದರು.

ಅಂಗಳದಲ್ಲಿ ಏನಾಯಿತೆಂದರೆ, "ಓಡಿ" ಎಂದದ್ದೇ ತಡ ಮಕ್ಕಳು ಕೇಕೆ ಹಾಕಿ ದಿಕ್ಕಾಪಾಲಾದರು. ಮುಖ್ಯೋಪಾಧ್ಯಾಯರು ಹೊರಗೆ ಬಂದು ನೋಡಿ ಏನೂ ಹೇಳದೆ ಒಳಗೆ ಹೋದರು. ಎರಡನೆಯ ಸೀಟಿ ಊದಿದಾಗ ಅಂಗಳದವರ ಮುಖ ಎಲ್ಲೆಲ್ಲೋ ಇತ್ತು. ಜಗಲಿಯವರು ಮಾತ್ರ ಎಲ್ಲರೂ ಧ್ವಜದ ಕಡೆ ನೋಡುತ್ತಿದ್ದರು. "ನೀವೇಕೆ ಓಡಲಿಲ್ಲ?" ಎಂದು ಗದರಿದೆ. ಆಗ ಆ ಹುಡುಗ ಹೇಳಿದ: "ಅವರೂ ಓಡಿದ್ದಾರೆ ಸರ್. ಅಡ್ಡ ಓಡಲಿಕ್ಕೆ ಗೋಡೆ ಉಂಟಲ್ಲ. ಉದ್ದಕ್ಕೆ ಓಡಿದ್ದು ಮುಖದಲ್ಲಿ ಗೊತ್ತಾಗುವುದಿಲ್ಲ."

ನಾನು ಸೀಟಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಈ ವಿದ್ಯೆಯ ತಿರುಳೇ ಅವನ ಆ ಮಾತಿನಲ್ಲಿತ್ತು. ಒಂದು ದಿಕ್ಕಿನಲ್ಲಿ ಅಳೆದರೆ ಆ ದಿಕ್ಕಿನ ಚಲನೆಯಷ್ಟೇ ತಿಳಿಯುತ್ತದೆ. ಆದುದರಿಂದ ದಿಕ್ಕು ಬದಲಿಸಿ ಬದಲಿಸಿ ಅಳೆಯಬೇಕು. ಯಾವ ದಿಕ್ಕಿನಲ್ಲಿ ದನಿ ಕ್ಷೀಣಿಸದೆ ಉಳಿಯಿತೋ ಆ ದಿಕ್ಕಿಗೆ ಗೋಡೆ ಇದೆ. ಯಾವ ದಿಕ್ಕಿನಲ್ಲಿ ಅತಿಯಾಗಿ ಕ್ಷೀಣಿಸಿತೋ ಆ ದಿಕ್ಕಿಗೆ ಜಗಲಿ ಚಾಚಿದೆ. ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ೧೯೯೪ರಲ್ಲಿ ಇದನ್ನು ಗಣಿತಕ್ಕಿಳಿಸಿದರು. ಅವರ ಲೆಕ್ಕಕ್ಕೆ ಆರು ದಿಕ್ಕುಗಳ ಅಳತೆಯಾದರೂ ಬೇಕು. ಈಗ ಅರುವತ್ತು, ತೊಂಬತ್ತು ದಿಕ್ಕುಗಳಲ್ಲಿ ಅಳೆಯುವವರಿದ್ದಾರೆ. ಹೀಗೆ ಮಿದುಳನ್ನು ಎರಡು ಮಿಲಿಮೀಟರಿನಷ್ಟು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲೂ ನೀರಿಗೆ ಪ್ರಿಯವಾದ ದಿಕ್ಕನ್ನು ಗುರುತಿಸಿ, ಚೌಕದಿಂದ ಚೌಕಕ್ಕೆ ಗೆರೆ ಎಳೆಯುತ್ತ ಹೋದರೆ ದಾರಿಗಳು ಮೂಡುತ್ತವೆ. ಎಡಬಲಗಳಿಗೆ ಹೋಗುವ ದಾರಿಗೆ ಕೆಂಪು, ಹಿಂದುಮುಂದಿನದಕ್ಕೆ ಹಸಿರು, ಮೇಲುಕೆಳಗಿನದಕ್ಕೆ ನೀಲಿ ಬಣ್ಣ ಕೊಡುವುದು ರೂಢಿ.

ಸ್ಟೆನೋ ಎಂದು ಹೆಸರಾದ ಡೆನ್ಮಾರ್ಕಿನ ಪಂಡಿತನೊಬ್ಬನು ೧೬೬೫ರಲ್ಲಿ ಪ್ಯಾರಿಸಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ಮಿದುಳನ್ನು ಅರಿಯಬೇಕಾದರೆ ಅದರ ತಂತುಗಳನ್ನು ಒಂದೊಂದಾಗಿ ಹಿಂಬಾಲಿಸಬೇಕು, ಆದರೆ ಅದು ಬಹು ಕಷ್ಟವೆಂದು ಹೇಳಿದ್ದನು. ೧೯೩೦ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಯೋಸೆಫ್ ಕ್ಲಿಂಗ್ಲರ್, ಮೃತರ ಮಿದುಳನ್ನು ಮಂಜಿನಂತೆ ಹೆಪ್ಪುಗಟ್ಟಿಸಿ, ಹಿಮದ ಹರಳುಗಳು ತಂತುಗಳನ್ನು ಬಿಡಿಬಿಡಿಯಾಗಿಸಿದ ಮೇಲೆ ಕಡ್ಡಿಯಿಂದ ಸುಲಿದು ದಾರಿಗಳನ್ನು ತೋರಿಸಿದನು. ಅಲ್ಲಿಯೂ ದಾರಿ ಬಿಡಿಸಿದ್ದು ನೀರೇ. ಜೀವಂತ ತಲೆಯನ್ನು ಮುಟ್ಟದೆ ಅದೇ ಕೆಲಸ ಮಾಡುವುದು ನಮ್ಮ ಕಾಲಕ್ಕೆ ಬಂದ ಭಾಗ್ಯ.

ಆ ದಾರಿಗಳಲ್ಲೊಂದು ಬಿಲ್ಲಿನಂತೆ ಬಾಗಿದೆ. ಕಿವಿಯ ಹಿಂಬದಿಯಿಂದ ಹೊರಟು ಮೇಲಕ್ಕೇರಿ ಹಣೆಯ ಕಡೆಗೆ ಇಳಿಯುವ ಅದು, ಕೇಳಿದ್ದನ್ನು ಆಡುವುದರೊಡನೆ ಬೆಸೆಯುವ ದಾರಿಗಳಲ್ಲಿ ಮುಖ್ಯವಾದುದು. ತಂದೆಯವರ ಬಿಳಿಯ ಕಲೆ ಬಿದ್ದದ್ದು ಅದರ ಮುಂತುದಿಯ ಹತ್ತಿರ. ಅಕ್ಷರವನ್ನು ದನಿಗೆ ಕೂಡಿಸುವಲ್ಲಿಯೂ ಆ ಬಿಲ್ಲಿಗೆ ಪಾಲಿದೆಯೆಂದು ಓದಿದ ರಾತ್ರಿ, ನನ್ನ ಎದುರಿಗಿದ್ದ ಇಬ್ಬರ ಕಷ್ಟವೂ ಒಂದೇ ಓಣಿಗೆ ಬಂದು ನಿಂತಂತೆ ತೋರಿತು.

ಅಧ್ಯಾಪಕ ಬಂಧುಗಳು ಇಲ್ಲಿ ಸ್ವಲ್ಪ ನಿಧಾನಿಸಬೇಕೆಂದು ನನ್ನ ಬಿನ್ನಹ. ೨೦೦೯ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಕೆಲ್ಲರ್ ಮತ್ತು ಜಸ್ಟ್ ಎಂಬವರು ಎಂಟರಿಂದ ಹತ್ತು ವರ್ಷದ, ಓದಿನಲ್ಲಿ ಹಿಂದುಳಿದ ಮಕ್ಕಳ ಮಿದುಳನ್ನು ಈ ವಿಧಾನದಿಂದ ಅಳೆದರು. ಅವರಲ್ಲಿ ಕೆಲವರಿಗೆ ಆರು ತಿಂಗಳಲ್ಲಿ ನೂರು ಗಂಟೆಗಳಷ್ಟು ಓದಿನ ಪಾಠವನ್ನು ಚಿಕ್ಕ ಗುಂಪುಗಳಲ್ಲಿ ಕೊಡಿಸಿ ಮತ್ತೆ ಅಳೆದರು. ಎಡಭಾಗದ ಶ್ವೇತದ್ರವ್ಯದ ಒಂದು ಕಡೆ, ನೀರು ಅಡ್ಡಕ್ಕೆ ಸರಿಯುವುದು ಕಡಿಮೆಯಾಗಿತ್ತು. ಗೋಡೆ ಬಿಗಿಯಾಗಿತ್ತೆನ್ನಿ. ಪಾಠ ಸಿಗದ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ೨೦೧೮ರಲ್ಲಿ ಸಿಯಾಟಲಿನ ಹ್ಯೂಬರ್, ಯೀಟ್‌ಮನ್ ಮೊದಲಾದವರು ೨೪ ಮಕ್ಕಳಿಗೆ ಎಂಟು ವಾರ, ದಿನಕ್ಕೆ ನಾಲ್ಕು ಗಂಟೆಯಂತೆ ಓದು ಕಲಿಸಿದಾಗ, ಆ ಬಿಲ್ಲಿನ ದಾರಿಯೂ ಸೇರಿದಂತೆ ಹಲವು ಕಡೆ ಬದಲಾವಣೆಗಳು ವಾರಗಳೊಳಗೇ ಕಂಡುವು. ಮಕ್ಕಳ ಮಾತು ಹಾಗಿರಲಿ. ಬ್ರೆಜಿಲ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ದೊಡ್ಡವರಾದ ಮೇಲೆ ಅಕ್ಷರ ಕಲಿತವರನ್ನು ನಿರಕ್ಷರಿಗಳೊಡನೆ ಹೋಲಿಸಿ ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೂ ಆ ಬಿಲ್ಲಿನ ಹಿಂಭಾಗದಲ್ಲಿ ವ್ಯತ್ಯಾಸವನ್ನು ಕಂಡಿತು. ನನ್ನ ಅಜ್ಜಿ ೧೯೯೧ರ ಸಾಕ್ಷರತಾ ಆಂದೋಲನದ ಕಾಲದಲ್ಲಿ, ಅರುವತ್ತು ದಾಟಿದ ಮೇಲೆ, ಲಾಟೀನಿನ ಬೆಳಕಿನಲ್ಲಿ ಕನ್ನಡ ಅಕ್ಷರ ತಿದ್ದಿದವರು. ಅವರ ತಲೆಯಲ್ಲಿ ಆಗ ಏನು ನಡೆಯುತ್ತಿತ್ತೆಂದು ನಾವಾರೂ ಯೋಚಿಸಲಿಲ್ಲ. ಹೆಬ್ಬೆಟ್ಟು ತಪ್ಪಿತೆಂದು ಸಂತೋಷಪಟ್ಟೆವು, ಅಷ್ಟೆ.

ನೂರು ಗಂಟೆ ಎಂಬುದನ್ನು ನಾನು ಕಾಗದದ ಮೇಲೆ ಭಾಗಿಸಿ ನೋಡಿದೆ. ದಿನಕ್ಕೆ ಅರ್ಧ ಗಂಟೆಯಂತೆ ಇನ್ನೂರು ದಿನ. ಹೆಚ್ಚುಕಡಿಮೆ ಒಂದು ಶಾಲಾವರ್ಷ. ಹಾಗಾದರೆ ಮೂರು ವರ್ಷಗಳಲ್ಲಿ ಆ ಹುಡುಗನಿಗೆ ನಾವು ಅವನೊಬ್ಬನಿಗೆಂದು ಕೊಟ್ಟ ಹೊತ್ತೆಷ್ಟು? ಲೆಕ್ಕ ಹಾಕಲು ಧೈರ್ಯವಾಗಲಿಲ್ಲ. ಮಂಡೆಗೆ ಹೋಗುವುದಿಲ್ಲವೆಂದು ಹೇಳಲು ಮಾತ್ರ ಅರ್ಧ ನಿಮಿಷ ಸಾಕಾಗಿತ್ತು. ಅವನ ತಾಯಿಯನ್ನು ಕಂಡು, ಅಂದು ನಾನಾಡಿದ ಮಾತು ತಪ್ಪೆಂದು ಹೇಳಿ, ಸಂಜೆ ಅವನನ್ನು ನಮ್ಮ ಮನೆಗೆ ಕಳುಹಿಸಲು ಕೇಳಿಕೊಂಡೆ. ತಂದೆಯವರನ್ನು ಬಿಟ್ಟು ನಾನು ಎಲ್ಲಿಯೂ ಹೋಗುವಂತಿರಲಿಲ್ಲ.

ಆದರೆ ಬಣ್ಣದ ಚಿತ್ರ ಕಂಡು ಮರುಳಾಗುವವರಿಗೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ನಾನು ಅಪ್ರಾಮಾಣಿಕನಾಗುತ್ತೇನೆ, ಏಕೆಂದರೆ ಮೊದಲು ಮರುಳಾದವನು ನಾನೇ. ಒಂದು ಚೌಕದೊಳಗೆ ಇರುವ ತಂತುಗಳು ಲಕ್ಷಗಟ್ಟಲೆ. ಯಂತ್ರಕ್ಕೆ ಸಿಗುವುದು ಅವೆಲ್ಲದರ ಸರಾಸರಿ. ಎರಡು ದಾರಿಗಳು ಅಡ್ಡ ಹಾಯುವಲ್ಲಿ ಅದು ತಬ್ಬಿಬ್ಬಾಗುತ್ತದೆ. ಶ್ವೇತಭಾಗದ ಬಹುತೇಕ ಚೌಕಗಳಲ್ಲಿ ಅಂಥ ಹಾಯುವಿಕೆ ಇದೆಯೆಂದು ಬಲ್ಲವರ ಅಂದಾಜು. ದಾರಿ ಇರುವುದನ್ನು ಹೇಳೀತು, ಸಂದೇಶ ಯಾವ ಕಡೆಗೆ ಹೋಗುತ್ತದೆಂದು ಹೇಳಲಾರದು. ದಂಬೆಯನ್ನು ನೋಡಿದರೆ ಸಾಲದು, ಇಳಿಜಾರೂ ತಿಳಿಯಬೇಕಲ್ಲವೆ? ೨೦೧೭ರಲ್ಲಿ, ಉತ್ತರ ಮೊದಲೇ ಗೊತ್ತಿದ್ದ ಕೃತಕ ಮಿದುಳೊಂದರ ದತ್ತಾಂಶವನ್ನು ಇಪ್ಪತ್ತು ಸಂಶೋಧನಾ ತಂಡಗಳ ಮುಂದಿಟ್ಟು ದಾರಿ ಬಿಡಿಸಲು ಹೇಳಿದುದರ ವರದಿ ಬಂತು. ಇದ್ದ ದಾರಿಗಳಲ್ಲಿ ಹೆಚ್ಚಿನವನ್ನು ಅವರು ಅಲ್ಪಸ್ವಲ್ಪವಾದರೂ ಹಿಡಿದರು. ಆದರೆ ಇಲ್ಲದ ದಾರಿಗಳನ್ನು ಇದ್ದವುಗಳಿಗಿಂತ ಹೆಚ್ಚಾಗಿ ಎಳೆದಿಟ್ಟಿದ್ದರು! ನನ್ನ ತರಗತಿಯ ಭೂಪಟಗಳು ನೆನಪಾದುವು. ಓದಿನ ವಿಷಯದಲ್ಲಿಯೂ ಹೀಗೆಯೇ. ೨೦೨೨ರಲ್ಲಿ ಪ್ರಕಟವಾದ, ೬೮೬ ಮಕ್ಕಳನ್ನೊಳಗೊಂಡ ಅಧ್ಯಯನದಲ್ಲಿ, ಓದಿನ ತೊಂದರೆಯಿರುವ ಮಕ್ಕಳಿಗೂ ಇಲ್ಲದವರಿಗೂ ನಡುವೆ, ಮೊದಲಿನ ಸಣ್ಣ ಅಧ್ಯಯನಗಳು ಹೇಳಿದ್ದಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೋದಿ ಮೊದಲು ನಿರಾಶೆಯಾಯಿತು. ಆಮೇಲೆ ಒಂದು ಬಗೆಯ ನೆಮ್ಮದಿ. ಒಂದು ಮಗುವಿನ ಮಿದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು "ಇದಕ್ಕೆ ಓದು ಬಾರದು" ಎಂದು ವಿಧಿ ಬರೆಯುವ ಅಧಿಕಾರ ಯಂತ್ರಕ್ಕೂ ಇಲ್ಲ. ನನಗಂತೂ ಇರಲೇ ಇಲ್ಲ.

ತಂದೆಯವರ ಕೈ ಮೂರು ತಿಂಗಳಲ್ಲಿ ಬಹುಪಾಲು ಸುಧಾರಿಸಿತು. ಮಾತು ಮಾತ್ರ ಬರಲಿಲ್ಲ. ನೀರು ಬೇಕಾದರೆ ಚೆಂಬನ್ನು ತೋರಿಸುವರು. ಆ ವರ್ಷದ ದೀಪಾವಳಿಯ ಸುಮಾರಿಗೆ, ರೇಡಿಯೋದಲ್ಲಿ ಯಕ್ಷಗಾನ ಬರುತ್ತಿದ್ದಾಗ, ಅಡುಗೆಮನೆಯಿಂದ ತಾಯಿ ನನ್ನನ್ನು ಕೈಸನ್ನೆಯಿಂದ ಕರೆದರು. ಚಾವಡಿಯಲ್ಲಿ ತಂದೆಯವರು ಭಾಗವತರೊಡನೆ ಪದ್ಯ ಹೇಳುತ್ತಿದ್ದರು. ಪದಗಳು ಸ್ಪಷ್ಟ, ತಾಳ ಶುದ್ಧ. ಹಾಡು ಮುಗಿದ ಕೂಡಲೆ ನಾನು "ಅಪ್ಪಾ" ಎಂದೆ. ಅವರು ಬಾಯಿ ತೆರೆದರು, ಏನೂ ಬರಲಿಲ್ಲ. ಇಬ್ಬರ ಕಣ್ಣೂ ತುಂಬಿತು.

ಮಾತು ಕಳೆದುಕೊಂಡವರು ಹಾಡಬಲ್ಲರೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿಯಂತೆ. ಅದನ್ನೇ ಹಿಡಿದು, ಸಣ್ಣ ಸಣ್ಣ ವಾಕ್ಯಗಳನ್ನು ರಾಗವಾಗಿ ಹೇಳಿಸುತ್ತ ಎಡಗೈಯಿಂದ ತಾಳ ತಟ್ಟಿಸುವ ಚಿಕಿತ್ಸೆಯೊಂದಿದೆ. ೨೦೦೯ರಲ್ಲಿ ಬಾಸ್ಟನ್ನಿನ ಗಾಟ್‌ಫ್ರೀಡ್ ಶ್ಲಾಗ್ ಮತ್ತು ಸಂಗಡಿಗರು ಅಂಥ ಚಿಕಿತ್ಸೆ ಪಡೆದ ಆರು ಮಂದಿಯನ್ನು ಮೊದಲೂ ಆಮೇಲೂ ಅಳೆದಾಗ, ಬಲಭಾಗದ ಬಿಲ್ಲಿನ ದಾರಿ ಮೊದಲಿಗಿಂತ ತುಂಬಿಕೊಂಡಂತೆ ಕಂಡಿತು. ಆರೇ ಮಂದಿ, ಮೇಲೆ ಹೇಳಿದ ಎಚ್ಚರಿಕೆಗಳೆಲ್ಲ ಇಲ್ಲಿಗೂ ಸಲ್ಲುತ್ತವೆ. ಆದರೂ ಮಂಗಳೂರಿನ ವಾಕ್‌ಚಿಕಿತ್ಸಕಿಯೊಬ್ಬರು ನನಗೆ ಕ್ರಮವನ್ನು ಕಲಿಸಿಕೊಟ್ಟರು. ಸಂಜೆ ಚಾವಡಿಯ ಒಂದು ಬದಿಯಲ್ಲಿ ತಂದೆಯವರು "ನೀರು ಬೇಕು" ಎಂಬುದನ್ನು ಏಕತಾಳದಲ್ಲಿ ಹೇಳುತ್ತಾರೆ; ಇನ್ನೊಂದು ಬದಿಯಲ್ಲಿ ಹುಡುಗ ಎರಡನೆಯ ತರಗತಿಯ ಪುಸ್ತಕ ಹಿಡಿದು ಕುಳಿತಿರು‌ತ್ತಾನೆ. ತಂದೆಯವರಿಗೆ ಈಗ ಮೂವತ್ತು ನಲುವತ್ತು ಮಾತುಗಳು ಬರುತ್ತವೆ. ತಾಳಮದ್ದಳೆಗೆ ಕರೆದುಕೊಂಡು ಹೋದರೆ ಕೇಳುತ್ತ ಕುಳಿತಿರುತ್ತಾರೆ. ತಾವು ಹೇಳುತ್ತಿದ್ದ ಪಾತ್ರವನ್ನು ಬೇರೊಬ್ಬರು ಹೇಳುವಾಗ ಮುಖ ತಗ್ಗಿಸುತ್ತಾರೆ.

ಹುಡುಗ ನಮ್ಮ ಶಾಲೆ ಬಿಟ್ಟು ಯು.ಪಿ. ಶಾಲೆಗೆ ಹೋಗತೊಡಗಿದ ಮೇಲೂ ವಾರಕ್ಕೆ ಮೂರು ನಾಲ್ಕು ದಿನ ಬರುತ್ತಾನೆ. ನೂರು ಗಂಟೆ ಎಂದೋ ದಾಟಿತು. ಬೆರಳಿಟ್ಟು, ನಿಧಾನವಾಗಿ, ಓದುತ್ತಾನೆ. ಮೊನ್ನೆ "ಕಬ್ಬಿಣ" ಎಂಬಲ್ಲಿ ನಿಂತುಬಿಟ್ಟ. ನಾನು ಸುಮ್ಮನಿದ್ದೆ. ಆ ಬದಿಯಿಂದ ತಂದೆಯವರು "ಕಬ್ಬು" ಎಂದರು. ಹುಡುಗ ಪುಸ್ತಕ ನೋಡಿ, ಅವರನ್ನು ನೋಡಿ, "ಅಲ್ಲ ಅಜ್ಜ, ಇನ್ನೊಂದಕ್ಷರ ಉಂಟು" ಎಂದು ಮತ್ತೆ ಮೊದಲಿನಿಂದ ಓದತೊಡಗಿದ.